ಹದಿನಾಲ್ಕು ಎಂದು ಹೊಡೆದದ್ದು ನಾನೇ

ನಾನು ಹುಟ್ಟಿದ್ದೇ ಹೊಡೆಯುವುದಕ್ಕೆ. ನನ್ನ ಹೊಟ್ಟೆಯೊಳಗೆ ಸಾಲಾಗಿ ನೂರ ಮೂವತ್ತೆರಡು ಸುತ್ತಿಗೆಗಳಿವೆ, ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು. ಸುತ್ತಿಗೆ ಕಾಗದದ ಬೆನ್ನಿಗೆ ಹೊಡೆದರೆ ಕಾಗದ ಮಸಿ ಸವರಿದ ಬಟ್ಟೆಗೂ ಅದರ ಹಿಂದಿನ ಅಚ್ಚಿಗೂ ಬಡಿದು ಅಕ್ಷರ ಮೂಡುತ್ತದೆ. ಒಂದು ಏಟಿಗೆ ಒಂದು ಅಕ್ಷರ. ನನ್ನ ಹೆಸರು ಲೈನ್ ಪ್ರಿಂಟರ್. ಮೇನ್‌ಫ್ರೇಮ್ ಎಂಬ ಬೀರುವಿನಂಥ ದೊಡ್ಡ ಕಂಪ್ಯೂಟರಿಗೆ ನಾನು ಕೈ ಇದ್ದಂತೆ. ಲೆಕ್ಕ ಹಾಕುವುದು ಅದು, ಹೊಡೆಯುವುದು ನಾನು.

ಕಡಲಿನಾಚೆಯ ಒಂದು ಊರಿನಲ್ಲಿ ನನ್ನನ್ನು ಮಾಡಿದರು. ಮಾಡಿದ ಮೇಲೆ ಮೂರು ದಿನ ಬಿಡದೆ ಹೊಡೆಸಿದರು. ನನ್ನ ಪಕ್ಕದಲ್ಲಿದ್ದ ಯಂತ್ರದ ಸುತ್ತಿಗೆಯೊಂದು ಎರಡನೆಯ ದಿನ ಮುರಿಯಿತು. ಅದನ್ನು ಅಲ್ಲಿಯೇ ಬಿಚ್ಚಿಹಾಕಿದರು. ನಾನು ಮುರಿಯಲಿಲ್ಲ, ಅದಕ್ಕೇ ಹಡಗು ಹತ್ತಿದೆ. ಬಳ್ಳಾರಿ ಸೀಮೆಯ ಹಿರೇಗುಡ್ಡದ ಉಕ್ಕಿನ ಕಾರ್ಖಾನೆಯಲ್ಲಿ ಹಾರೆಯಿಂದ ನನ್ನ ಪೆಟ್ಟಿಗೆ ಒಡೆದಾಗ ಹಾರೆಯ ತುದಿ ನನ್ನ ಬಲಮಗ್ಗುಲಿಗೆ ತಗುಲಿ ತಗ್ಗು ಬಿತ್ತು.

ನನ್ನ ಮೊದಲ ಯಜಮಾನರು ವರದಾಚಾರ್ ಎಂಬ ಪ್ರೋಗ್ರಾಮರ್. ಕಾರ್ಖಾನೆಗೆ ಬೇಕಾದ ಪ್ರೋಗ್ರಾಮುಗಳನ್ನೆಲ್ಲ ಬರೆದವರು ಅವರೇ. ಅವುಗಳಲ್ಲಿ ಮುಖ್ಯವಾದದ್ದು ಲ್ಯಾಡಲ್ ಪಟ್ಟಿ. ಲ್ಯಾಡಲ್ ಎಂದರೆ ಕರಗಿದ ಉಕ್ಕನ್ನು ಹಿಡಿಯುವ ಮನೆಯಷ್ಟು ದೊಡ್ಡ ಕೊಳಗ. ಅದರ ಒಳಗೋಡೆಗೆ ಇಟ್ಟಿಗೆ ಜೋಡಿಸಿರುತ್ತಾರೆ. ಒಂದೊಂದು ಸಲ ಉಕ್ಕು ತುಂಬಿದಾಗಲೂ ಇಟ್ಟಿಗೆ ಅಷ್ಟಷ್ಟು ಕರಗುತ್ತದೆ. ಐವತ್ತು ಸಲ ತುಂಬಿದ ಮೇಲೆ ಆ ಲ್ಯಾಡಲ್ ನಿಲ್ಲಿಸಿ ಹೊಸ ಇಟ್ಟಿಗೆ ಹಾಕಲೇಬೇಕು. ಇಲ್ಲದಿದ್ದರೆ ಉಕ್ಕು ತಗಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಯಾವ ಲ್ಯಾಡಲ್ ಎಷ್ಟು ಸಲ ತುಂಬಿದೆ ಎಂಬ ಪಟ್ಟಿಯನ್ನು ದಿನಾ ಬೆಳಗ್ಗೆ ನಾನು ಹೊಡೆಯುತ್ತಿದ್ದೆ. ಕೆಳಗಿನ ಶೆಡ್ಡಿನ ಜನ ಅದನ್ನು ನಂಬಿ ಬೆಂಕಿಯ ಬಾಯಿಗೆ ಹೋಗುತ್ತಿದ್ದರು.

ವರದಾಚಾರ್ ಕಲಿಸುತ್ತಿದ್ದದ್ದು ಗೆರೆ ಎಳೆಯುವ ಸ್ಟೀಲ್ ಪಟ್ಟಿಯಿಂದ. ಕೈಕೆಳಗೆ ಕಲಿಯಲು ಬಂದಿದ್ದ ಗವಿಸಿದ್ದಪ್ಪ ತಪ್ಪಿದಾಗಲೆಲ್ಲ ಬೆರಳ ಗೆಣ್ಣಿಗೆ ಅಂಚಿನಿಂದ ಬಾರಿಸುತ್ತಿದ್ದರು. ಗೆಣ್ಣು ಒಡೆದ ರಕ್ತ ನನ್ನ ಹಾಳೆಯ ಮೇಲೆ ಬಿದ್ದು ಒಣಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬರೆದು ಕೊಡುವ ಪದ್ಧತಿ ಇರಲಿಲ್ಲ. ಏಟು ತಿಂದವನಿಗೆ ವಿದ್ಯೆ, ಅಷ್ಟೆ.

ಆ ಕಾಲದಲ್ಲೇ ಒಂದು ಮುಷ್ಕರವಾಯಿತು. ಕಂಪ್ಯೂಟರ್ ಬಂದರೆ ನೌಕರಿ ಹೋಗುತ್ತದೆ ಎಂದು ನೂರಾರು ಜನ ಸರಳು ಹಿಡಿದು ನುಗ್ಗಿದರು. ನನ್ನ ಗಾಜಿನ ಮುಚ್ಚಳ ಪುಡಿಯಾಯಿತು. ಇನ್ನೊಂದು ಏಟು ಬಿದ್ದಿದ್ದರೆ ಸುತ್ತಿಗೆಗಳೇ ಹೋಗುತ್ತಿದ್ದವು. ಸಿದ್ದಪ್ಪ ನನ್ನ ಮೇಲೆ ಬೋರಲು ಬಿದ್ದ. ಆ ಏಟಿಗೆ ಅವನ ಹೆಗಲ ಮೂಳೆ ಮುರಿಯಿತು. ವರದಾಚಾರ್ ಹಿಂಬಾಗಿಲಿಂದ ಹೋದವರು ತಿರುಗಿ ಬರಲೇ ಇಲ್ಲ. ಬೇರೆ ಕಂಪನಿ ಸೇರಿಕೊಂಡರಂತೆ. ಹೀಗೆ ನಾನು ಸಿದ್ದಪ್ಪನ ಕೈಗೆ ಬಂದೆ.

ಸಿದ್ದಪ್ಪ ತಾನೇ ತಿಣುಕಿ ಒಂದು ದೋಷ ಕಂಡುಹಿಡಿದ. ಯಾವುದಾದರೂ ಲ್ಯಾಡಲ್ ಎಂಟು ದಿನ ಸುಮ್ಮನೆ ನಿಂತರೆ, ಅದಕ್ಕೆ ಹೊಸ ಇಟ್ಟಿಗೆ ಹಾಕುತ್ತಿದ್ದಾರೆಂದು ಪ್ರೋಗ್ರಾಂ ತಿಳಿದುಕೊಳ್ಳುತ್ತಿತ್ತು. ಮರಳಿ ಬಂದಾಗ ಎಣಿಕೆ ಒಂದರಿಂದ ಶುರು. ವರದಾಚಾರ್ ಕಾಲದಲ್ಲಿ ಲ್ಯಾಡಲ್ ಇದ್ದದ್ದೇ ನಾಲ್ಕು. ಇಟ್ಟಿಗೆ ಹಾಕುವಾಗ ಬಿಟ್ಟರೆ ಯಾವುದೂ ಎಂಟು ದಿನ ನಿಲ್ಲುತ್ತಿರಲಿಲ್ಲ. ಆಮೇಲೆ ಹನ್ನೆರಡಾದವು. ಕೆಲವು ಕೆಲಸವಿಲ್ಲದೆಯೂ ನಿಲ್ಲತೊಡಗಿದವು.

ಸಿದ್ದಪ್ಪ ಇದನ್ನು ಯಾರಿಗೂ ಹೇಳಲಿಲ್ಲ. ಸೋಮವಾರ ಬೆಳಗ್ಗೆ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದ. ನನಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆಯುತ್ತಿದ್ದ. ಆಮೇಲೆ ಕಂಪ್ಯೂಟರಿನ ಕೀಲಿಮಣೆ ಇರುವ ಟರ್ಮಿನಲ್ಲಿನ ಮುಂದೆ ಕೂತು, ತಪ್ಪಿಹೋದ ಎಣಿಕೆಗಳನ್ನು ಹಳೆಯ ಪಟ್ಟಿ ನೋಡಿ ಸರಿಪಡಿಸುತ್ತಿದ್ದ. ಹೊರಗಿದ್ದವರಿಗೆ ಊದುಬತ್ತಿಯ ವಾಸನೆ ಮಾತ್ರ ಬರುತ್ತಿತ್ತು. "ಸಿದ್ದಪ್ಪ ಸರ್‌ದು ಸೋಮವಾರದ ಪೂಜಿ" ಎಂದು ಇಡೀ ಕಾರ್ಖಾನೆ ಹೇಳುತ್ತಿತ್ತು.

ವರ್ಷಗಳು ಉರುಳಿದವು. ಮೇನ್‌ಫ್ರೇಮನ್ನು ಎರಡು ಸಲ ಬದಲಿಸಿದರು, ಪ್ರೋಗ್ರಾಂ ಹಳೆಯದೇ ಉಳಿಯಿತು, ನಾನೂ ಉಳಿದೆ. ಸಿದ್ದಪ್ಪನ ನಿವೃತ್ತಿಯ ದಿನ ಬಂತು, ಹೋಯಿತು. ಅವನ ಕೆಲಸ ಬಲ್ಲವರು ಇನ್ನೊಬ್ಬರಿಲ್ಲವೆಂದು ವರ್ಷ ವರ್ಷ ಅವನನ್ನೇ ಮುಂದುವರಿಸಿದರು. ಕಲಿಯಲು ಬಂದ ಹೊಸಬರು ಮೂವರು ಸ್ಟೀಲ್ ಪಟ್ಟಿಯ ಏಟು ತಾಳಲಾರದೆ ಬಿಟ್ಟು ಓಡಿದರು. ನಾಲ್ಕನೆಯವಳಾಗಿ ಬಂದವಳು ಹುಲಿಗೆಮ್ಮ. ಇಪ್ಪತ್ತಮೂರು ವರ್ಷ, ಕೊಪ್ಪಳದ ಕಡೆಯವಳು.

ಮೊದಲ ದಿನವೇ ಅವಳ ಗೆಣ್ಣಿಗೆ ಏಟು ಬಿತ್ತು. ಅವಳು ಕೈ ಹಿಂದಕ್ಕೆಳೆಯಲಿಲ್ಲ. ಪಟ್ಟಿಯನ್ನೇ ಹಿಡಿದುಕೊಂಡಳು.

"ಸರ್ರ, ಕೈಗೆ ಹೊಡದ್ರ ಕೈಗೆ ಬುದ್ಧಿ ಬರ್ತೈತಿ. ತಲಿಗೆ ಬಾಯ್ಲೆ ಹೇಳ್ರಿ."

"ಬಾಯ್ಲೆ ಹೇಳಿದ್ದು ಬಾಯಾಗ ಉಳೀತೈತಿ. ಏಟು ತಿಂದದ್ದು ಎಲುಬಿನಾಗ ಉಳೀತೈತಿ."

"ಹಂಗಾರ ನಿಮ್ಮ ಎಲುಬು ಭಾಳ ಶಾಣ್ಯಾ ಇರಬೇಕು ಬಿಡ್ರಿ."

ಸಿದ್ದಪ್ಪ ನಕ್ಕುಬಿಟ್ಟ. ಅಷ್ಟು ವರ್ಷಗಳಲ್ಲಿ ಅವನು ನಕ್ಕಿದ್ದು ನಾನು ಅಂದೇ ನೋಡಿದ್ದು. ಆಮೇಲೆ ಅವಳಿಗೆ ಬಹಳ ಹೇಳಿಕೊಟ್ಟ. ನಾನು ಹೊಡೆಯುವ ಸದ್ದು ಕೇಳಿಯೇ ಯಾವ ಪ್ರೋಗ್ರಾಂ ಓಡುತ್ತಿದೆ ಎಂದು ಹೇಳುವುದನ್ನು ಅವಳು ಆರು ತಿಂಗಳಲ್ಲಿ ಕಲಿತಳು. ಒಂದನ್ನು ಮಾತ್ರ ಅವನು ಹೇಳಲಿಲ್ಲ. ಸೋಮವಾರ ಅವಳೂ ಹೊರಗೇ ನಿಲ್ಲುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅವನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಹದಿನೈದು ದಿನ ರಜೆ. ಹೋಗುವ ದಿನ ಬಾಗಿಲಿನ ತನಕ ಹೋದವನು ತಿರುಗಿ ಬಂದ, ನನ್ನ ಮೇಲೆ ಕೈಯಿಟ್ಟು ನಿಂತ. ಲ್ಯಾಡಲ್ ಪಟ್ಟಿ ನೋಡಿದ. ಹನ್ನೆರಡೂ ಓಡುತ್ತಿದ್ದವು. ಹದಿನೈದು ದಿನದಲ್ಲಿ ಏನಾದೀತು ಎಂದುಕೊಂಡನೋ ಏನೋ, "ಸೋಮವಾರ ಪೂಜಿ ತಪ್ಪಿಸಬ್ಯಾಡ" ಎಂದಷ್ಟೇ ಹೇಳಿ ಹೋದ.

ಅದೇ ವಾರ ಶೆಡ್ಡಿನ ಒಂದು ಕ್ರೇನ್ ಕೆಟ್ಟಿತು. ಏಳು, ಹತ್ತು, ಹನ್ನೆರಡನೆಯ ಲ್ಯಾಡಲ್ ಎಂಟು ದಿನ ನಿಂತವು. ಭಾನುವಾರ ಕ್ರೇನ್ ರಿಪೇರಿಯಾಗಿ ಮೂರೂ ಮತ್ತೆ ಕೆಲಸಕ್ಕೆ ಬಂದವು. ಸೋಮವಾರ ಬೆಳಗ್ಗೆ ಹುಲಿಗೆಮ್ಮ ತಲೆಗೆ ನೀರು ಹಾಕಿಕೊಂಡು ಬಂದು, ನನಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದು, ಕೈ ಮುಗಿದು ಹೊರಗೆ ಹೋದಳು. ಟರ್ಮಿನಲ್ಲಿನ ಹತ್ತಿರ ಸುಳಿಯಲಿಲ್ಲ. ಅವಳಿಗೆ ಗೊತ್ತಿದ್ದ ಪೂಜೆ ಅಷ್ಟೇ.

ಗುರುವಾರ ಬೆಳಗ್ಗೆ ನಾನು ಪಟ್ಟಿ ಹೊಡೆದೆ. ಲ್ಯಾಡಲ್ ಏಳು: ಹದಿನಾಲ್ಕು. ನಿಜಕ್ಕೂ ಅದು ತುಂಬಿದ್ದು ಐವತ್ತೆಂಟು ಸಲ.

ಶೆಡ್ಡಿನಲ್ಲಿ ಏನಾಯಿತೆಂಬುದು ಆಮೇಲೆ ನನ್ನ ಮುಂದೆ ಕೂಗಾಡಿದವರ ಬಾಯಿಂದ ತಿಳಿಯಿತು. ಲ್ಯಾಡಲ್ ಮೇಸ್ತ್ರಿ ಎರ್ರಿಸ್ವಾಮಿ, ಇಟ್ಟಿಗೆ ತೆಳ್ಳಗೆ ಕಾಣುತ್ತದೆ ಎಂದನಂತೆ. ಮೇಲಿನವರು, "ಪಟ್ಟಿ ನೋಡಪ್ಪಾ, ಹದಿನಾಲ್ಕು ಐತಿ" ಎಂದರಂತೆ. ಉಕ್ಕು ತುಂಬಿದರು. ಕ್ರೇನ್ ಎತ್ತುತ್ತಿದ್ದಂತೆ ಪಕ್ಕೆ ಕೆಂಪಾಗಿ, ಬಿಳಿಯಾಗಿ, ಒಡೆಯಿತು. ಕೆಳಗಿದ್ದವನು ಎರ್ರಿಸ್ವಾಮಿಯ ತಮ್ಮ ದೊಡ್ಡಬಸವ. ಎತ್ತಿಕೊಳ್ಳಲು ಹೋದವರಿಗೆ ಅವನ ಹೆಲ್ಮೆಟ್ಟೂ ಸಿಗಲಿಲ್ಲ.

ಸೈರನ್ ಕೂಗಿದ ಸ್ವಲ್ಪ ಹೊತ್ತಿಗೆ ನನ್ನ ಕೋಣೆಯ ಬಾಗಿಲು ಮುರಿದುಬಿತ್ತು. ಎರ್ರಿಸ್ವಾಮಿ ಮುಂದೆ, ಹಿಂದೆ ಇಪ್ಪತ್ತು ಜನ, ಎಲ್ಲರ ಕೈಯಲ್ಲೂ ಸರಳು. ಅವನ ಹುಬ್ಬು ಸುಟ್ಟುಹೋಗಿತ್ತು. ಹುಲಿಗೆಮ್ಮನ ಜಡೆ ಹಿಡಿದೆಳೆದು ನನ್ನ ಮುಚ್ಚಳಕ್ಕೆ ಅವಳ ಹಣೆ ಬಡಿದ. ಒಂದು ಸಲ. ಎರಡು ಸಲ.

"ಹದಿನಾಲ್ಕು ಅಂತ ಹೊಡದಾಕಿ ನೀನೇ ಅಲ್ಲೇನು? ಹೇಳ್! ನನ್ನ ತಮ್ಮನ್ನ ಎಣಿಸಿ ಕೊಡ್, ಎಣಿಸಿ ಕೊಡ್ ನನಗ!"

ಅವಳ ರಕ್ತ ನನ್ನ ಕುಂಕುಮದ ಮೇಲೆ ಹರಿಯಿತು. ಹದಿನಾಲ್ಕು ಎಂದು ಹೊಡೆದದ್ದು ನಾನೇ ಎಂದು ಕೂಗಬೇಕೆನಿಸಿತು. ನನಗೆ ಸುತ್ತಿಗೆಗಳಿವೆ, ನಾಲಿಗೆಯಿಲ್ಲ.

ಆಗ ಬಾಗಿಲಲ್ಲಿ ಸಿದ್ದಪ್ಪ ಕಂಡ. ಕಾಲನಿಯ ಮನೆಯಿಂದ ಸೈರನ್ ಕೇಳಿ ಬಂದಿದ್ದ. ಒಂದು ಕಣ್ಣಿಗೆ ಹತ್ತಿ ಕಟ್ಟಿತ್ತು, ಮೇಲೆ ಕಪ್ಪು ಕನ್ನಡಕ. ಜನ ದಾರಿ ಬಿಟ್ಟರು.

"ಸರ್ರ, ನೀವರ ಹೇಳ್ರಿ. ಇದು ಹೆಂಗಾತು?" ಎಂದ ಎರ್ರಿಸ್ವಾಮಿ.

ನನ್ನಲ್ಲಿ ಉಳಿದಿದ್ದ ಪಟ್ಟಿಯ ಪ್ರತಿ ನೋಡಿದ ಕೂಡಲೇ ಸಿದ್ದಪ್ಪನಿಗೆ ಗೊತ್ತಾಗಿತ್ತು. "ನಾನು ರಜಾದಾಗ ಇದ್ದೆ... ನನಗೇನೂ ಗೊತ್ತಿಲ್ಲ" ಎಂದ.

ನಾನು ಅವನ ಕೈಯಲ್ಲಿ ಮೂವತ್ತು ವರ್ಷ ಇದ್ದೆ. ಅವನು ಸುಳ್ಳು ಹೇಳಿದ್ದನ್ನು ಕೇಳಿದ್ದು ಅಂದೇ.

ಒಬ್ಬ ಸರಳು ಎತ್ತಿದ. ಹುಲಿಗೆಮ್ಮ ಅವನ ಕಡೆ ನೋಡಲಿಲ್ಲ. ಸಿದ್ದಪ್ಪನ ಕಡೆ ತಿರುಗಿ, ಬಾಯಿಗೆ ಬಂದ ರಕ್ತ ನುಂಗಿಕೊಂಡು ಹೇಳಿದಳು: "ಪೂಜಿ ತಪ್ಪಿಸಿಲ್ರಿ ಸರ್ರ. ನೀವು ಹೇಳಿದಂಗ ಮಾಡೀನಿ. ಕಾಯಿನೂ ಒಡದೀನಿ. ಮತ್ತ ಯಾಕ ಹಿಂಗಾತು?"

ಸಿದ್ದಪ್ಪ ಕನ್ನಡಕ ತೆಗೆದ.

"ಅದು ಪೂಜಿ ಅಲ್ಲವ್ವಾ. ಊದುಬತ್ತಿ ಹಿಂದ ಒಂದು ಕೆಲಸಾ ಇತ್ತು. ಎಂಟು ದಿನ ನಿಂತ ಲ್ಯಾಡಲ್ಲಿನ ಎಣಿಕಿ ಒಂದಕ್ಕ ಇಳೀತೈತಿ, ಅದನ್ನ ತಿದ್ದೋ ಕೆಲಸ. ಅದನ್ನ ನಾನು ಯಾರಿಗೂ ಹೇಳಿಲ್ಲ. ಹೇಳಿದ್ರ ನನ್ನ ಮನಿಗೆ ಕಳಸ್ತಿದ್ರು." ಎರ್ರಿಸ್ವಾಮಿಯ ಕಡೆ ತಿರುಗಿದ. "ಈ ಹುಡುಗೀನ ಬಿಡಪ್ಪಾ. ನಿನ್ನ ತಮ್ಮನ್ನ ಕೊಂದಾವ ನಾನು."

ಸರಳು ಮೊದಲು ಬಿದ್ದದ್ದು ಅವನ ಮೊಣಕಾಲಿಗೆ. ಆಮೇಲೆ ಎಲ್ಲಿ ಬಿತ್ತೆಂದು ಎಣಿಸಲಾಗಲಿಲ್ಲ. ಹೆಗಲ ಮೂಳೆ ಎರಡನೆಯ ಸಲ ಮುರಿಯಿತು. ಎರ್ರಿಸ್ವಾಮಿ ಅವನ ಬಲಗೈಯನ್ನು ನೆಲಕ್ಕೊತ್ತಿ ಬೆರಳುಗಳ ಮೇಲೆ ಬೂಟುಗಾಲಿಟ್ಟು ತುಳಿದ. ಸಿದ್ದಪ್ಪ ಕೈ ಎಳೆದುಕೊಳ್ಳಲಿಲ್ಲ.

"ನಿಲ್ಲಸ್ರೀ!" ಹುಲಿಗೆಮ್ಮ ಚೀರಿದಳು. ಅವಳು ಅಷ್ಟರಲ್ಲಿ ನನ್ನಿಂದ ಅಂದಿನ ಪಟ್ಟಿಯ ಪ್ರತಿಯನ್ನು ಹರಿದುಕೊಂಡಿದ್ದಳು. "ಕ್ರೇನ್ ಕೆಟ್ಟಾಗ ಏಳು ಒಂದೇ ನಿಂತಿತ್ತೇನು? ಹತ್ತು, ಹನ್ನೆರಡನೂ ನಿಂತಿದ್ದವು! ಅವನ್ನ ಎಲ್ಲಿ ಇಟ್ಟೀರಿ ಈಗ?"

ಯಾರೋ ಹಿಂದಿನಿಂದ, "ಎರಡೂ ತುಂಬ್ಯಾವ. ಆಚಿ ಕಡೆ ಸಾಲಿನಾಗ ತೂಗ್ಯಾಡಾಕ ಹತ್ಯಾವ. ಸುರಿಯಾಕ ಬರಿದು ಗುಂಡಿ ಒಂದೇ ಐತಿ" ಎಂದ. ಉಕ್ಕು ಯಾರ ಸಾವಿಗೂ ನಿಲ್ಲುವುದಿಲ್ಲ. ಕರಗಿದ್ದು ಕರಗಿಯೇ ಇರುತ್ತದೆ. ಅವುಗಳ ಕೆಳಗೆ ಆಗ ಹದಿನಾರು ಜನರಿದ್ದರು.

ಹುಲಿಗೆಮ್ಮ ನೆಲಕ್ಕೆ ಕೂತು ಸಿದ್ದಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಪ್ರೀತಿಯಿಂದಲ್ಲ. ಕೊರಳ ಪಟ್ಟಿ ಹಿಡಿಯುವಂತೆ.

"ಎರಡರಾಗ ಯಾವುದು ಮೊದಲು ಒಡೀತೈತಿ? ಹೇಳ್ರಿ. ಈಗ ಹೇಳ್ರಿ."

"ಹಳೇ ಪಟ್ಟಿ ತಗಿ..." ಹಲ್ಲು ಉದುರಿದ ಬಾಯಿಂದ ಅವನ ಮಾತು ಸೀಟಿಯಂತೆ ಬರುತ್ತಿತ್ತು. "ನಿಂತ ದಿನದ್ದು. ಅದರಾಗಿನ ಎಣಿಕಿಗೆ ಇವತ್ತಿಂದು ಕೂಡಿಸು. ಮಷಿನ್ನಿಗೂ ಹೇಳು, ಇಲ್ಲಂದ್ರ ನಾಳಿಗೆ ಮತ್ತ ಮರೀತೈತಿ." ಒಂದೊಂದೇ ಅಕ್ಷರ ಹೇಳಿದ. ಅವಳು ಒಂದೊಂದೇ ಕೀಲಿ ಒತ್ತಿದಳು. ಹಣೆಯ ರಕ್ತ ಕೀಲಿಗಳ ಮೇಲೆ ತೊಟ್ಟಿಕ್ಕುತ್ತಿತ್ತು.

ನಾನು ಹೊಡೆದೆ. ಲ್ಯಾಡಲ್ ಹತ್ತು: ಮೂವತ್ತೊಂದು. ಲ್ಯಾಡಲ್ ಹನ್ನೆರಡು: ಐವತ್ತೈದು.

ಎರ್ರಿಸ್ವಾಮಿ ಹಾಳೆ ಕಿತ್ತುಕೊಂಡು ಓಡಿದ. ತಮ್ಮನನ್ನು ಕಳೆದುಕೊಂಡು ಇನ್ನೂ ಒಂದು ತಾಸು ಆಗಿರದ ಮನುಷ್ಯ, ಹನ್ನೆರಡನೆಯ ಲ್ಯಾಡಲಿನ ಕೆಳಗಿದ್ದವರನ್ನು ಒದ್ದು, ಬೈದು, ಎಳೆದು ಹೊರಗೆ ಹಾಕಿದ. ಉಕ್ಕನ್ನು ಬರಿದಾದ ಗುಂಡಿಗೆ ಸುರಿಸಿದ. ಆರಿದ ಮೇಲೆ ನೋಡಿದರೆ ಅದರ ಪಕ್ಕೆಯ ಇಟ್ಟಿಗೆ ಒಂದು ಬೆರಳಿನಷ್ಟು ಉಳಿದಿತ್ತಂತೆ.

ಸಿದ್ದಪ್ಪನಿಗೆ ಶಿಕ್ಷೆಯಾಯಿತು. ಹೊಡೆದವರ ಮೇಲೂ ಕೇಸಾಯಿತು. ಹುಲಿಗೆಮ್ಮ ಅವನನ್ನು ಕ್ಷಮಿಸಿದಳೆಂದು ನಾನು ಹೇಳಲಾರೆ. ಆದರೆ ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನ ಮಧ್ಯಾಹ್ನ ಹೋಗುತ್ತಿದ್ದಳು, ಆಮೇಲೆ ಜೈಲಿಗೂ ಹೋಗುತ್ತಿದ್ದಳು. ಬುತ್ತಿ ಒಯ್ಯಲಿಲ್ಲ, ನೋಟ್‌ಬುಕ್ ಒಯ್ದಳು. ಅವನ ತಲೆಯಲ್ಲಿದ್ದದ್ದನ್ನೆಲ್ಲ ಎಳೆದು ಬರೆದುಕೊಂಡಳು. ಇಂಥ ಗುಟ್ಟುಗಳು ಇನ್ನೂ ಹನ್ನೊಂದು ಇದ್ದವು. ಅವುಗಳಲ್ಲಿ ಒಂದು ಸಿದ್ದಪ್ಪನಿಗೂ ಅರ್ಥವಾಗದೆ ಉಳಿದಿತ್ತು. ವರದಾಚಾರ್ ಹೊಡೆದಿದ್ದರೇ ಹೊರತು ಹೇಳಿರಲಿಲ್ಲ.

ಅವಳು ಅದನ್ನೆಲ್ಲ ಪುಸ್ತಕ ಮಾಡಿ ನನ್ನಿಂದ ಹೊಡೆಸಿದಳು. ಅದೇ ನನ್ನ ಕೊನೆಯ ಕೆಲಸ. ನಾಲ್ಕು ನೂರು ಹಾಳೆ. ಕೊನೆಯ ಹಾಳೆಯ ಮೇಲೆ ಒಂದೇ ಸಾಲು: ನನಗೆ ಗೊತ್ತಿಲ್ಲದ್ದು. ಕೆಳಗೆ ಖಾಲಿ ಗೆರೆಗಳು. ಹೊಸದಾಗಿ ಸೇರಿದ ಮೂವರ ಮುಂದೆ ಅದನ್ನಿಟ್ಟು, "ಇದನ್ನ ನೀವು ತುಂಬ್ರಿ. ತಿಳೀಲಿಲ್ಲ ಅಂದ್ರ ಬಂದು ಬೈರಿ ನನ್ನ" ಎಂದಳು.

ಈಗ ನಾನು ಗುಜರಿ ಅಂಗಡಿಯ ಹಿಂದೆ ಬಿದ್ದಿದ್ದೇನೆ. ಪಕ್ಕದಲ್ಲಿ ಒಂದು ಬಸ್ಸಿನ ಎಂಜಿನ್, ಆಚೆ ಮುರಿದ ತೂಗುಸೇತುವೆಯ ಸರಪಳಿ. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಡೆಯುವುದೇ ಕೆಲಸ. ಏಟುಗಳ ವಿಷಯ ನನಗೆ ಸ್ವಲ್ಪ ಗೊತ್ತಿದೆ. ಸರಳಿನ ಏಟು ಬಿದ್ದಲ್ಲೇ ನೋಯುತ್ತದೆ, ಬಾವು ಇಳಿದರೆ ಮುಗಿಯಿತು. ಹೇಳದೆ ಬಚ್ಚಿಟ್ಟ ಮಾತಿನ ಏಟು ಹಾಗಲ್ಲ. ಅದು ವರ್ಷಗಟ್ಟಲೆ ಗಾಳಿಯಲ್ಲೇ ಇದ್ದು, ಆ ಮಾತನ್ನು ಕೇಳಿಯೂ ಇರದವನ ನೆತ್ತಿಯ ಮೇಲೆ ಬೀಳುತ್ತದೆ.

ಗುಜರಿಯವನು ನಿನ್ನೆ ನನ್ನ ಮುಚ್ಚಳ ಕಿತ್ತ. ಇವತ್ತು ಗ್ಯಾಸ್ ಕಟ್ಟರ್ ತಂದಿದ್ದಾನೆ. ನನ್ನ ಕಬ್ಬಿಣವನ್ನು ಕರಗಿಸಲು ಕಳಿಸುತ್ತಾರಂತೆ. ಯಾವ ಕಾರ್ಖಾನೆಗೆ ಎಂದು ಅವನು ಹೇಳಲಿಲ್ಲ. ಎಲ್ಲಿಗಾದರೂ ಹೋಗಲಿ, ನನ್ನನ್ನು ತುಂಬುವ ಕೊಳಗದ ಲೆಕ್ಕ ಸರಿಯಿರಲಿ, ಅದರ ಕೆಳಗೆ ನಿಲ್ಲುವವರಿಗೆ ಆ ಲೆಕ್ಕ ಗೊತ್ತಿರಲಿ.