ತುಂಬಿದ ಬಟ್ಟಲು

ಮೊಣಕಾಲ ಚಿಪ್ಪಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಡಾಕ್ಟರ್ ಬುರುಲ್ ಬೆರಳೆತ್ತಿದಳು. ಚರ್ಮದ ಮೇಲೆ ಬಿಳಿಯ ಗುರುತು ಉಳಿಯಿತು. ಒಂದು, ಎರಡು, ಮೂರು. ಇಷ್ಟು ಹೊತ್ತಿಗೆ ರಕ್ತ ವಾಪಸು ಬಂದಿರಬೇಕು. ನಾಲ್ಕು, ಐದು, ಆರು. ಮಧ್ಯಾಹ್ನದ ಊಟಕ್ಕೆ ಹೋದ ಗುಮಾಸ್ತನ ಹಾಗೆ ಬಣ್ಣ ಅವಸರವಿಲ್ಲದೆ ಬಂದು ತನ್ನ ಜಾಗದಲ್ಲಿ ಕೂತಿತು.

"ಏಳು," ಎಂದಳು.

"ಯಾರು, ನಾನಾ? ನಾನು ಎದ್ದು ಇಪ್ಪತ್ತೈದು ಗಂಟೆ ಆಯ್ತು ಎಜೆ," ಎಂದಳು ನರ್ಸ್ ತಾಜಾಗುಲ್, ಗೋಡೆಗೆ ಒರಗಿಕೊಂಡೇ. ಎಜೆ ಎಂದರೆ ಅಕ್ಕ. ಆದರೂ ಚೀಟಿಯಲ್ಲಿ ಏಳು ಎಂದು ಬರೆದಳು. ನಿನ್ನೆ ಬೆಳಗ್ಗೆ ಎಂಟಕ್ಕೆ ಇಬ್ಬರೂ ಡ್ಯೂಟಿಗೆ ಬಂದಿದ್ದರು. ಕಿಟಕಿಯಾಚೆ ಬೆಟ್ಟಗಳ ಮೇಲೆ ಬಿಸಿಲು ಬಂದು ಬಹಳ ಹೊತ್ತಾಗಿತ್ತು.

ಮಂಚದ ಮೇಲಿದ್ದವರು ಕುಮುಶ್ ಅಪಾ, ಅಂದರೆ ಕುಮುಶ್ ಅಮ್ಮ, ಅರವತ್ತಾರು ವರ್ಷ. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿ, ಕೀವಾಗಿ, ನಂಜು ರಕ್ತಕ್ಕೇರಿತ್ತು. ಪರದೆಯ ಮೇಲೆ ರಕ್ತದೊತ್ತಡದ ಅಂಕಿ ಮದ್ದಿನ ಬಲದಲ್ಲಿ ಎಲ್ಲ ಕ್ಷೇಮ ಎನ್ನುತ್ತಿತ್ತು. ಅಂಕಿಗೇನು, ಅದು ನೆಂಟರಿಗೆ ಬರೆಯುವ ಕಾಗದದ ಹಾಗೆ. ಮೊಣಕಾಲು ಮಾತ್ರ ಮನೆಯೊಳಗಿನ ಸುದ್ದಿ ಹೇಳುತ್ತಿತ್ತು. ಎರಡೂ ಚಿಪ್ಪುಗಳ ಸುತ್ತ ಚರ್ಮ ನೇರಳೆ ಬಲೆ ಹರಡಿದ ಹಾಗಿತ್ತು. ಮೂತ್ರದ ಚೀಲದಲ್ಲಿ ಕಳೆದೆರಡು ಗಂಟೆಯಲ್ಲಿ ಹದಿನೈದೇ ಮಿಲಿ. ಐದು ಗಂಟೆಗೆ ಚೆನ್ನಾಗಿದ್ದ ಉಸಿರು ಈಗ ಗೊರಗೊರ ಎನ್ನುತ್ತಿತ್ತು.

"ದೊಡ್ಡವರ ಫೋನ್ ಬಂದಿತ್ತು," ಎಂದಳು ತಾಜಾಗುಲ್. ಗೋಡೆ ಬಿಟ್ಟು ನೆಟ್ಟಗೆ ನಿಂತು, ಹೊಟ್ಟೆ ಮುಂದೆ ತಂದು, ಅವರ ಹಾಗೆ ದನಿಯನ್ನು ಕೊಡದೊಳಗೆ ಇಳಿಸಿದಳು. "'ಮೂತ್ರ ಇಲ್ವಾ? ಸುರಿ! ಇನ್ನೊಂದು ಲೀಟರ್ ಸುರಿ! ನೀರಿಲ್ಲದೆ ಗಿರಣಿ ತಿರುಗುತ್ತೇನಮ್ಮಾ?'"

ದೊಡ್ಡವರೆಂದರೆ ಮುಖ್ಯ ವೈದ್ಯರು, ಹೆಸರು ತೊಕ್ತೊಸುನ್. ಇಲ್ಲಿನ ಮಾತಿನಲ್ಲಿ ಹಾಗೆಂದರೆ 'ನಿಲ್ಲಲಿ'. ಹುಟ್ಟಿದ ಮಕ್ಕಳೆಲ್ಲ ಹೋಗುತ್ತಿದ್ದ ಮನೆಯಲ್ಲಿ ಇವನಾದರೂ ನಿಲ್ಲಲಿ ಎಂದು ಇಟ್ಟದ್ದು. ಅವರು ನಿಂತರು, ಆದರೆ ನಿಲ್ಲಿಸುವುದನ್ನು ಕಲಿಯಲಿಲ್ಲ ಎಂಬುದು ತಾಜಾಗುಲ್‌ಳ ದೂರು. ಬುರುಲ್ ಎಂದರೆ 'ತಿರುಗು'. ಮೂರು ಹೆಣ್ಣಾದ ಮೇಲೆ ನಾಲ್ಕನೆಯವಳಿಗೆ ಆ ಹೆಸರಿಟ್ಟರೆ ಮುಂದಿನದು ಗಂಡಿನ ಕಡೆ ತಿರುಗುತ್ತದೆಂದು ಅಪ್ಪನ ಲೆಕ್ಕ. ತಿರುಗಲಿಲ್ಲ, ಐದನೆಯದೂ ಹೆಣ್ಣೇ ಆಯಿತು.

"ಸುರಿಯೋಕ್ ಮುಂಚೆ ಕಾಲೆತ್ತಿ ನೋಡೋಣ," ಎಂದಳು ಬುರುಲ್.

ಮಂಚವನ್ನು ಎತ್ತಿ ಇಳಿಸುವ ಹಿಡಿಕೆ ಮುರಿದು ವರ್ಷವಾಗಿತ್ತು. ಬೆನ್ನ ಹಿಂದಿನ ದಿಂಬುಗಳನ್ನು ತೆಗೆದು ಅಪಾರನ್ನು ಅಂಗಾತ ಮಲಗಿಸಿ, ತಾಜಾಗುಲ್ ಎರಡು ಕಾಲನ್ನೂ ತನ್ನ ಹೆಗಲಿಗೆ ಏರಿಸಿಕೊಂಡಳು. ಕಾಲಿನಲ್ಲಿರುವ ರಕ್ತ ಎದೆಗೆ ಇಳಿಯುತ್ತದೆ. ಹೃದಯ ಅದನ್ನು ಮುಂದಕ್ಕೆ ತಳ್ಳಿದರೆ ಹೊರಗಿನಿಂದ ಇನ್ನಷ್ಟು ಕೊಡಬಹುದು. ತಳ್ಳದಿದ್ದರೆ ಕೊಟ್ಟದ್ದೆಲ್ಲ ಶ್ವಾಸಕೋಶಕ್ಕೆ. ಹೆರಿಗೆ ವಾರ್ಡಿನಿಂದ ಎರವಲು ತಂದ ಸ್ಕ್ಯಾನ್ ಯಂತ್ರವನ್ನು ಬುರುಲ್ ಅಪಾರ ಎದೆಗಿಟ್ಟು ಒಂದು ನಿಮಿಷ ನೋಡಿದಳು. ಹೃದಯ ಮೊದಲು ತಳ್ಳುತ್ತಿದ್ದಷ್ಟನ್ನೇ ತಳ್ಳುತ್ತಿತ್ತು. ಒಂದು ಗುಟುಕೂ ಹೆಚ್ಚಲಿಲ್ಲ.

"ಬೇಗ ಹೇಳಿ ಎಜೆ. ಅಪಾ ನೋಡೋಕೆ ಸಣ್ಣ, ಕಾಲೆರಡೂ ಕುದುರೇದು."

"ಇಳಿಸು. ತುಂಬಿಹೋಗಿದೆ. ಇನ್ನು ಹಿಡಿಸಲ್ಲ." ಬುರುಲ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತುಂಬಿದ್ದು ಹೇಗೆ? ಐದು ಗಂಟೆಗೆ ತಾನೇ ಸಲೈನ್ ಕೊಳವೆಯ ಚಕ್ರ ತಿರುಗಿಸಿ ನಿಮಿಷಕ್ಕೆ ಹತ್ತು ಹನಿಗೆ ಇಳಿಸಿದ್ದಳು. ಅವಳು ತಲೆ ಎತ್ತಿ ನೋಡಿದಳು. ನಾಳೆ ಮಧ್ಯಾಹ್ನದವರೆಗೆ ಬರಬೇಕಿದ್ದ ಲೀಟರಿನ ಬಾಟಲಿ ಖಾಲಿಯಾಗಿ ನೇತಾಡುತ್ತಿತ್ತು. ಕೊಳವೆಯ ಚಕ್ರ ಪೂರ್ತಿ ತೆರೆದಿತ್ತು.

ಬಾಗಿಲ ಬಳಿ ಸ್ಟೂಲಿನ ಮೇಲೆ ಅಪಾರ ಸೊಸೆ ಅನಾರ್‌ಕಾನ್ ಕೂತಿದ್ದಳು, ಮಡಿಲಲ್ಲಿ ಚಹಾ ಫ್ಲಾಸ್ಕು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ನರ್ಸುಗಳು ಸಾಲದ ವಾರ್ಡು. ಮನೆಯವರನ್ನು ಒಳಗೆ ಬಿಡುತ್ತಿದ್ದರು. ಡಾಕ್ಟರ್ ಬಾಟಲಿ ನೋಡುವುದನ್ನು ಕಂಡು ಅವಳು ಎದ್ದು ನಿಂತಳು.

"ನಾನೇ ತಿರುಗಿಸಿದ್ದು ಡಾಕ್ಟ್ರೇ. ಹನಿ ಹನಿ ಬೀಳ್ತಿತ್ತು. ನೀವು ಸುಸ್ತಾಗಿ ಮರ್ತಿದ್ದೀರಿ ಅಂದ್ಕೊಂಡೆ."

ಬಯ್ಯುವುದಕ್ಕೆ ಬುರುಲ್ ಬಾಯಿ ತೆರೆದಳು. ಬಯ್ಯುವುದಕ್ಕೂ ಸ್ವಲ್ಪ ರಕ್ತ ಬೇಕು, ಅವಳಲ್ಲಿ ಉಳಿದಿರಲಿಲ್ಲ. ಮುಟ್ಟಬೇಡ ಎಂದು ತಾನೂ ಹೇಳಿರಲಿಲ್ಲ. ಅವಳು ಕೈ ಚಾಚಿ ಬಾಟಲಿಯನ್ನು ಕೊಕ್ಕೆಯಿಂದ ಬಿಡಿಸಹೊರಟಳು.

ಅನಾರ್‌ಕಾನ್ ಓಡಿಬಂದು ಆ ಕೈ ಹಿಡಿದಳು. "ಸಿಸ್ಟೆಮಾ ತೆಗೀಬೇಡಿ! ಆ ಕಡೆ ಮಂಚದ ಮುದುಕರಿಗೂ ನಿನ್ನೆ ಮೊದ್ಲು ಸಿಸ್ಟೆಮಾ ತೆಗೆದ್ರು. ಆಮೇಲೆ ಬಿಳಿ ಬಟ್ಟೆ ತಂದ್ರು. ನಾನು ನೋಡ್ದೆ."

ಈ ಕಣಿವೆಯಲ್ಲಿ ಡ್ರಿಪ್ಪಿಗೆ ಸಿಸ್ಟೆಮಾ ಎನ್ನುತ್ತಾರೆ. ವಸಂತಕ್ಕೊಂದು, ಶರತ್ತಿಗೊಂದು ಸಿಸ್ಟೆಮಾ ಹಾಕಿಸಿಕೊಂಡರೆ ರಕ್ತ ತೊಳೆದು ಹೋಗುತ್ತದೆಂಬ ನಂಬಿಕೆ. ಬೇರೆ ಊರುಗಳಲ್ಲಿ ಜನ ಸಿಸ್ಟಮ್ಮಿನಿಂದ ಸಾಯುತ್ತಾರೆ, ಇಲ್ಲಿ ಸಿಸ್ಟೆಮಾ ಇಲ್ಲದಿದ್ದರೆ ಸಾಯುತ್ತಾರೆ ಎಂದು ತಾಜಾಗುಲ್ ಆಗಾಗ ಹೇಳುತ್ತಿದ್ದಳು.

ಬುರುಲ್‌ಳ ಕಣ್ಣು ಫ್ಲಾಸ್ಕಿನ ಮೇಲೆ ಬಿತ್ತು.

"ಮನೇಲಿ ಚಹಾ ಬಗ್ಗಿಸೋರು ಯಾರು?"

"ನಾನೇ. ಸೊಸೆ ಅಲ್ವಾ."

"ಅತಿಥಿಗೆ ಎಷ್ಟು ಬಗ್ಗಿಸ್ತೀಯ?"

"ಅರ್ಧ ಬಟ್ಟಲು. ಅರ್ಧಕ್ಕಿಂತ ಕಮ್ಮಿ."

"ಯಾಕೆ?"

"ಮತ್ತೆ ಮತ್ತೆ ಕೇಳ್ಲಿ ಅಂತ. ಇನ್ನೂ ಕೂತಿರ್ಲಿ ಅಂತ."

"ಬಟ್ಟಲು ತುಂಬಾ ಬಗ್ಗಿಸಿದ್ರೆ?"

"ಅಯ್ಯೋ, ಯಾರಾದ್ರೂ ಬಗ್ಗಿಸ್ತಾರಾ? ಅದು ಕುಡಿದು ಹೊರಡಿ ಅಂದ ಹಾಗೆ..." ಅನಾರ್‌ಕಾನ್ ಅಲ್ಲಿಗೇ ನಿಂತಳು. ಖಾಲಿ ಬಾಟಲಿಯನ್ನು ನೋಡಿದಳು, ಗೊರಗುಡುತ್ತಿದ್ದ ಅತ್ತೆಯನ್ನು ನೋಡಿದಳು. ಹಿಡಿದಿದ್ದ ಕೈ ಬಿಟ್ಟಳು. "ನಾನು... ಅತ್ತೇನ ಹೊರಡಿ ಅಂದ್ನಾ?"

"ನಿಂಗೆ ಗೊತ್ತಿರ್ಲಿಲ್ಲ. ನಾನು ಹೇಳಿರ್ಲಿಲ್ಲ. ಇನ್ನು ಮುಂದೆ ಅರ್ಧ ಬಟ್ಟಲು. ಆಯ್ತಾ?"

ಬಾಟಲಿ ಇಳಿಯಿತು. ಮುಖವಾಡದ ಆಮ್ಲಜನಕ ಏರಿತು. ರಕ್ತನಾಳ ಬಿಗಿಮಾಡುವ ಮದ್ದಿನ ಪಂಪನ್ನು ಒಂದು ಮೆಟ್ಟಿಲು ಏರಿಸಿ, ನೀರಿಳಿಸುವ ಇಂಜೆಕ್ಷನ್ ಕೊಟ್ಟು, ಬುರುಲ್ ಎಂಟು ಗಂಟೆಯ ಸಭೆಗೆ ಹೋದಳು. ಆ ಸಭೆಯ ಹೆಸರೇ 'ಐದು ನಿಮಿಷ'. ಅದು ಐವತ್ತು ನಿಮಿಷಕ್ಕೆ ಮುಗಿಯಿತು.

"ದೊಡ್ಡವರು ಏನಂದ್ರು?" ಎಂದು ತಾಜಾಗುಲ್ ಕೋಟು ಹಾಕಿಕೊಳ್ಳುತ್ತಾ ಕೇಳಿದಳು.

"ನೀವು ಹೇಳಿದ ಲೀಟರ್ ನೀವು ಹೇಳೋಕೆ ಮುಂಚೇನೇ ಹೋಗಿತ್ತು, ಅದಕ್ಕೇ ಹೀಗಾಗಿದೆ ಅಂದೆ. ಕಾಲೆತ್ತಿ ನೋಡಿದ್ದನ್ನೂ ಹೇಳ್ದೆ. ಚಕ್ರ ತೆರೆದಿದ್ದು ನನ್ನ ಕಣ್ತಪ್ಪಿನಿಂದ ಅಂತ ಬರಕೊಟ್ಟೆ."

"ಅದಕ್ಕವರು?"

"ಮೀಸೆ ಸವರಿಕೊಂಡ್ರು."

ತಾಜಾಗುಲ್ ಇಲ್ಲದ ಮೀಸೆಯನ್ನು ಎರಡು ಸಲ ಸವರಿ, "ಹ್ಞೂಂ. ನೋಡಣ," ಎಂದು ದೊಡ್ಡವರ ದನಿಯಲ್ಲಿ ಹೇಳಿ, ಮನೆಗೆ ಹೋದಳು.

ಬುರುಲ್ ಹೋಗಲಿಲ್ಲ. ಹಗಲಿನ ಡಾಕ್ಟರಿಗೆ ಎಲ್ಲ ಒಪ್ಪಿಸಿ, ಇನ್ನರ್ಧ ಗಂಟೆ ಎಂದು ಸ್ಟೂಲಿನ ಮೇಲೆ ಕೂತವಳು ಕೂತಲ್ಲೇ ತೂಕಡಿಸಿದಳು, ಎಚ್ಚೆತ್ತಳು, ಮೊಣಕಾಲು ಒತ್ತಿದಳು. ಒಂಬತ್ತೂವರೆಗೆ ಆರು. ಹತ್ತಕ್ಕೆ ಐದು. ಹತ್ತೂಮುಕ್ಕಾಲಿಗೆ ಎಣಿಕೆ ನಾಲ್ಕಕ್ಕೆ ಬರುವಷ್ಟರಲ್ಲಿ ಬಿಳಿಯ ಗುರುತು ಮಾಸಿತು. ಚೀಲದಲ್ಲಿ ಅಂಗೈಯಷ್ಟು ಹಳದಿ ಸೇರಿತ್ತು. ಗೊರಗೊರ ಇಳಿದಿತ್ತು.

"ಬುರುಲ್," ಎಂದರು ಕುಮುಶ್ ಅಪಾ, ಮುಖವಾಡದೊಳಗಿನಿಂದ.

ಬುರುಲ್ ದಡಕ್ಕನೆ ಎದ್ದಳು. "ಏನಪಾ? ನನ್ನ ಹೆಸರು ಯಾರು ಹೇಳಿದ್ರು?"

"ಹೆಸರು ಕರೀತಿಲ್ಲ ಡಾಕ್ಟ್ರೇ," ಎಂದಳು ಅನಾರ್‌ಕಾನ್. "ತಿರುಗಿಸಿ ಅಂತಿದ್ದಾರೆ. ಬೆನ್ನು ನೋಯ್ತಿರ್ಬೇಕು."

ಇಬ್ಬರೂ ಸೇರಿ ಅಪಾರನ್ನು ಕಿಟಕಿಯ ಕಡೆಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟರು. ಬುರುಲ್ ಮತ್ತೆ ಸ್ಟೂಲಿನತ್ತ ನಡೆದಳು.

ಅನಾರ್‌ಕಾನ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಬಟ್ಟಲನ್ನು ಸೆರಗಿನಂಥ ತನ್ನ ತಲೆವಸ್ತ್ರದ ಅಂಚಿನಿಂದ ಒರೆಸಿ, ಚಹಾ ಬಗ್ಗಿಸಿದಳು. ಅರ್ಧಕ್ಕೆ ಬಂತು, ಅವಳು ನಿಲ್ಲಿಸಲಿಲ್ಲ. ಅಂಚಿನವರೆಗೂ ಬಗ್ಗಿಸಿ, ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ತಂದು, ತಲೆ ತಗ್ಗಿಸಿ ಡಾಕ್ಟರ ಮುಂದೆ ಚಾಚಿದಳು.

ಬುರುಲ್ ಬಟ್ಟಲನ್ನೂ ಅವಳನ್ನೂ ನೋಡಿದಳು. ನಿಂತಲ್ಲೇ, ತಳ ಕಾಣುವವರೆಗೆ ಕುಡಿದಳು. ಆಮೇಲೆ ಮೊಳೆಗೆ ನೇತುಹಾಕಿದ್ದ ಕೋಟಿಗೆ ಕೈ ಚಾಚಿದಳು.