ಸಾವಿರ ಮೈಲಿ, ಆರು ತಾಸು

“ಕಲ್ಕತ್ತದಾಗ ನಾಷ್ಟಾ ಮಾಡಿ ವಿಮಾನ ಹತ್ತಿದ್ರ ಮದ್ರಾಸಿನಾಗ ಮಧ್ಯಾಹ್ನದ ಊಟ, ಅತ್ತಿ. ಸಾವಿರ ಮೈಲಿ, ಆರೇ ತಾಸು. ಅಲ್ಲಿಂದ ಬಳ್ಳಾರಿಗೆ ಒಂದು ರಾತ್ರಿ ರೈಲು,” ಎಂದ ಓಬಣ್ಣ, ಚಹಾದ ಲೋಟ ಕೆಳಗಿಡುತ್ತ.

ಸುಂಕಲಮ್ಮ ನಂಬಲಿಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಮೂವತ್ತೈದು ಮೈಲಿ ಬರುವಷ್ಟರಲ್ಲಿ ಎರಡು ಸಲ ನಿಂತು ನೀರು ಕುಡಿಯುವ ಬಸ್ಸನ್ನು ಕಂಡವಳು ಆಕೆ. ಸಿರುಗುಪ್ಪದ ಈ ದೂರದ ನಂಟ ಯುದ್ಧದ ಕಾಲಕ್ಕೆ ಕೂಲಿ ಪಡೆ ಸೇರಿ ಕಲ್ಕತ್ತಕ್ಕೆ ಹೋದವನು, ಯುದ್ಧ ಮುಗಿದ ಮೇಲೂ ಅಲ್ಲೇ ವಿಮಾನಗಳಿಗೆ ಸಾಮಾನು ಹೇರುತ್ತ ಉಳಿದುಬಿಟ್ಟಿದ್ದ. ಈಗ ಆಕೆಯ ಕಿರಿಮಗಳು ಹಂಪಕ್ಕನನ್ನು ಹೆಣ್ಣು ಕೇಳಲು ಬಳ್ಳಾರಿಯ ಕೌಲ್ ಬಜಾರಿನ ಈ ಮನೆಗೆ ಬಂದಿದ್ದ. ಹುಡುಗ ದುಡಿಯುವವನು, ಕುಡಿಯುವವನಲ್ಲ. ತೊಡಕೆಂದರೆ ದೂರವೊಂದೇ. ಹಿರಿಯ ಮಗಳನ್ನು ಹದಿನೆಂಟು ಮೈಲಿಯ ಕುರುಗೋಡಿಗೆ ಕೊಟ್ಟಿದ್ದಳು. ಆಕೆ ತವರಿನ ಹೊಸ್ತಿಲು ತುಳಿದು ಎರಡು ವರ್ಷವಾಗಿತ್ತು. ಇನ್ನು ಇವಳು ಕಲ್ಕತ್ತಕ್ಕೆ ಹೋದರೆ ಮುಖ ನೋಡುವುದು ಯಾವ ಜನ್ಮಕ್ಕೋ ಎಂದು ಸುಂಕಲಮ್ಮನಿಗೆ ಭಯ.

“ಬರೀ ರೈಲಿಗೆ ಬಂದ್ರ ಎಷ್ಟು ದಿನ?”

“ಮೂರು ದಿನ. ಆದ್ರ ವಿಮಾನದ ಕಂಪನಿಯೋರು ನಮ್ಮನ್ನ ಪುಕ್ಕಟೆ ಕೂಡಿಸ್ತಾರ. ಉಗಾದಿಗೊಮ್ಮಿ, ದೀಪಾವಳಿಗೊಮ್ಮಿ ಕರ್ಕಂಡ್ ಬರ್ತೀನಿ.”

“ನೀ ಕುಂತೀಯೇನು ಅದರಾಗ?”

“ಈ ಸಲ ಅದರಾಗ ಬಂದೀನಿ.”

“ಸುಳ್ಳು ಹೇಳಿದ್ರೂ ನೆಲದ ಮ್ಯಾಲೆ ನಿಂತು ಹೇಳಪ್ಪ!”

ಓಬಣ್ಣ ಒಳಬಾಗಿಲ ಕಡೆಗೊಮ್ಮೆ ಕಳ್ಳನೋಟ ಬೀರಿದ. ಜೇಬಿನಿಂದ ಹತ್ತಿಯ ಉಂಡೆಯೊಂದನ್ನು ತೆಗೆದು ಆಕೆಯ ಅಂಗೈಗಿಟ್ಟ. “ಸಪ್ಪಳ ಭಾಳ ಅಂತ ಕಿವಿಗಿಡಾಕ ಕೊಡ್ತಾರ, ಅತ್ತಿ. ಇದು ಕಲ್ಕತ್ತದ್ದು.”

ಪಾಪ, ಯಾರ ಕೈಗೆ ಹತ್ತಿ ಕೊಡುತ್ತಿದ್ದೇನೆಂದು ಹುಡುಗನಿಗೆ ಗೊತ್ತಿರಲಿಲ್ಲ. ಹದಿನಾರು ವರ್ಷ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸಿದ ಕೈ ಅದು. ಸುಂಕಲಮ್ಮ ಚಿಟಿಕೆಯಷ್ಟು ಹಿಡಿದು ಎಳೆದಳು. ಗಿಡ್ಡ ಎಳೆ, ತುಸು ಕೆಂಪು ಛಾಯೆ. ಬಳ್ಳಾರಿ ಸೀಮೆಯ ಎರೆಹೊಲದ ಹತ್ತಿ! ಕಳ್ಳ ಸಿಕ್ಕಿಬಿದ್ದನೆಂದು ಆಕೆಗೆ ಒಳಗೊಳಗೇ ಖುಷಿಯಾಯಿತು.

ಬೈಯಲು ಬಾಯಿ ತೆರೆದವಳು ತಡೆದುಕೊಂಡಳು. ಕಸ ತೆಗೆದು, ಎಳೆಗಳನ್ನೆಲ್ಲ ಒಂದೇ ಕಡೆಗೆ ಬಿಡಿಸಿದ ಹತ್ತಿ. ಮೂಸಿ ನೋಡಿದಳು. ಹರಳೆಣ್ಣೆ, ವಿಭೂತಿ. ದೀಪದ ಬತ್ತಿಗೆಂದು ಸೋಮವಾರ ತಾನೇ ಬಿಡಿಸಿ ದೇವರ ಗೂಡಿನಲ್ಲಿಟ್ಟದ್ದು. ಹಾಗಾದರೆ ನಿನ್ನೆ ತಾನು ಮಿಲ್ಲಿನಲ್ಲಿದ್ದಾಗ ಇವನು ಬಂದು ಹೋಗಿರಬೇಕು. ಗೂಡಿನಿಂದ ತೆಗೆದು ಕೊಡಲು ಮನೆಯಲ್ಲಿದ್ದವಳು ಹಂಪಕ್ಕ ಒಬ್ಬಳೇ.

ಸಿಟ್ಟು ಸರ್ರನೆ ಇಳಿಯಿತು. ತಾನು ಇಷ್ಟು ಹೊತ್ತು ಇವನೊಬ್ಬನ ಮೇಲೆ ಕಣ್ಣಿಟ್ಟು ಕೂತಿದ್ದಳು. ಆದರೆ ಸುಳ್ಳು ಕಟ್ಟಿಕೊಟ್ಟವಳು ತನ್ನ ಮಗಳೇ. ಬಂದ ಮೂರು ಗಂಡುಗಳನ್ನು ಬೇಡವೆಂದವಳು ಇವನ ಜೊತೆ ಹೋಗಲು ಆಗಲೇ ಮನಸ್ಸು ಮಾಡಿಬಿಟ್ಟಿದ್ದಳು.

“ಏನವ್ವಾ, ಏನಾತು?” ಬಾಗಿಲ ಮರೆಯಿಂದ ಹಂಪಕ್ಕ ಕೇಳಿದಳು.

“ಏನಿಲ್ಲವ್ವ. ಕಲ್ಕತ್ತದ ಹತ್ತಿ ಚಲೋ ಐತಿ. ಬಾ ಇಲ್ಲಿ.”

ಸುಂಕಲಮ್ಮ ಉಂಡೆಯನ್ನು ಎರಡು ಮಾಡಿ, ಒಂದನ್ನು ಓಬಣ್ಣನ ಕೈಗೂ ಇನ್ನೊಂದನ್ನು ಮಗಳ ಕೈಗೂ ಇಟ್ಟಳು.

“ಹೋಗುವಾಗ ಇಬ್ರೂ ಕಿವಿಗಿಟ್ಕಳ್ರಿ. ಆರು ತಾಸು ಅಂದ್ರ ಹತ್ರಾನ ಆತು ಬಿಡು.”

ಹಂಪಕ್ಕ ಮುಷ್ಟಿ ಮುಚ್ಚಿಕೊಂಡಳು. ತಲೆ ಎತ್ತಲಿಲ್ಲ.