ಬೇಲಿ ಟೇಪು ಸುತ್ತಿದ ಮಧ್ಯಾಹ್ನ

ಮತ್ತೆ ತಿರುಚಿಕೊಂಡಿತು, ಬಿಡಿಸಬೇಕು, ಹೀಗೇ ಸುತ್ತಿಬಿಟ್ಟರೆ ಮುಂದಿನ ಬೆಳೆಗೆ ಬಿಚ್ಚುವಾಗ ಗಂಟುಗಂಟಾಗಿ ಕೂತಿರುತ್ತದೆ, ಹೋದ ವರ್ಷ ಹಾಗೇ ಆಯಿತಲ್ಲ, ಅರ್ಧ ಟೇಪು ಕತ್ತರಿಸಿ ಬಿಸಾಕಿದ್ದು — ಎರಡು ಬೆರಳಗಲದ ಬಿಳಿ ಪಟ್ಟಿ, ಒಳಗೆ ಕೂದಲಿನಂಥ ತಂತಿಗಳು, ಒಂದು ಕಡೆ ಗಟ್ಟಿಯಾಗಿ ಮಡಿಕೆ ಬಿದ್ದರೂ ತಂತಿ ಮುರಿಯುತ್ತದೆ, ಮುರಿದರೆ ಅಲ್ಲಿಂದಾಚೆಗೆ ಕರೆಂಟು ಹೋಗುವುದಿಲ್ಲ — ಕರೆಂಟು, ಆ ಮಾತು ಬೇಡ, ಈಗ ಇಲ್ಲ, ಇವರು ಹೇಳಿ ಹೋಗಿದ್ದಾರಲ್ಲ, ಎಲ್ಲಾ ಬಿಚ್ಚಿದೀನಿ ಕಣೇ ಗಂಗಾ, ಝಟ್ಕಾ ಮಷೀನು ಬ್ಯಾಟರಿ ಸಮೇತ ಮನೇಲಿದೆ, ನೀನು ಸುತ್ತಿ ಅಟ್ಟದ್ ಮೇಲೆ ಹಾಕಿದ್ರೆ ಸಾಕು, ಅಂದು ಬೈಕು ಹತ್ತಿ ಮಾಲೂರಿಗೆ ಹೋದರು. ಆದರೂ ಮೊದಲು ಒಂದು ಹಸಿ ಹುಲ್ಲೆಸಳು ತಗುಲಿಸಿದೆ, ಆಮೇಲೆ ಬೆರಳ ಹಿಂಬದಿ, ಏನೂ ಇಲ್ಲ, ಆಮೇಲೇ ಕಂಬದ ಕೊಕ್ಕೆಗಳಿಂದ ಬಿಡಿಸಿ, ಸುತ್ತುವ ಹಲಗೆಯ ಕಚ್ಚಿಗೆ ತುದಿ ಸಿಕ್ಕಿಸಿ ಸುತ್ತತೊಡಗಿದ್ದು. ಟೇಪನ್ನು ಎಳೆಯಬಾರದು, ಎಳೆದರೆ ತಿರುಚುತ್ತದೆ, ನಾವೇ ಅದರ ಹಿಂದೆ ಹೆಜ್ಜೆ ಹಾಕುತ್ತಾ ಹೋಗಬೇಕು, ಅಮ್ಮ ಶ್ರೀನಿವಾಸಪುರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದಾಗ ಸಿಕ್ಕು ಬಿಡಿಸಲು ಕೂತರೆ ತೊಂದರಪಡೊದ್ದು ಅನ್ನುತ್ತಿದ್ದಳು, ತೆಲುಗಿನಲ್ಲೇ, ಆತುರ ಬೇಡ ಅಂತ, ಆತುರವಿಲ್ಲ ಅಮ್ಮಾ, ಭಯ. ಕೊಕ್ಕೆಗಳಿಂದೆಲ್ಲ ಮೊದಲೇ ಬಿಡಿಸಿ ಹೊಲದ ಸುತ್ತಲೂ ನೆಲದ ಮೇಲೆ ನೀಟಾಗಿ ಮಲಗಿಸಿದ್ದೇನೆ, ಬೆಟ್ಟದ ಕಡೆಯ ಮೂಲೆಯಿಂದ ಶುರು, ಅಲ್ಲಿಂದ ಕೆಳಗೆ ಪಂಪ್‌ಶೆಡ್ಡು, ಶೆಡ್ಡು ದಾಟಿದರೆ ಕಾಲುದಾರಿ ಹೊಲಕ್ಕೆ ಇಳಿಯುವ ಜಾಗ, ಅಲ್ಲಿಗೆ ಮುಗಿಯಿತು, ಐವತ್ತು ಸುತ್ತಿಗೊಮ್ಮೆ ಒಂದು ದಾರ ಕಟ್ಟಬೇಕು, ಇಲ್ಲದಿದ್ದರೆ ಸುರುಳಿ ಜಾರುತ್ತದೆ, ಎಷ್ಟಾಯಿತು, ಮೂವತ್ತೋ ನಲವತ್ತೋ, ಎಣಿಕೆ ತಪ್ಪಿತು, ಆ ಕಾಡುಹಂದಿ ನೆನಪಾಗಿ ತಪ್ಪಿತು.

ಸೋಮವಾರ ಬೆಳಿಗ್ಗೆ ಬದುವಿನ ಮೇಲೆ ಬಿದ್ದಿತ್ತು, ನಾಲ್ಕು ಕಾಲೂ ಸೆಟೆದು, ಮೂತಿಯ ಹತ್ತಿರ ಸುಟ್ಟ ಕಪ್ಪು ಗೆರೆ, ಇವರು ಗುಂಡಿ ತೋಡುತ್ತಿದ್ದರು, ಯಾರೂ ಏಳುವ ಮೊದಲು ಮುಚ್ಚಬೇಕು ಅಂತ. ಝಟ್ಕಾ ಮಷೀನು ಹೊಡೆದರೆ ಹಂದಿ ಕಿರುಚಿ ಓಡುತ್ತದೆ, ಸಾಯುವುದಿಲ್ಲ, ಅಷ್ಟು ನನಗೂ ಗೊತ್ತು, ಮೋಟರ್ ಲೈನಿಂದ ಕರೆಂಟು ಡೈರೆಕ್ಟ್ ಕೊಟ್ರಾ, ಕೇಳಿದೆ, ಹಂದಿಗೂ ಹಾರ್ಟ್ ಅಟ್ಯಾಕ್ ಆಗುತ್ತೆ ಕಣೇ, ಅಂದು ನಕ್ಕರು, ನಾನು ನಗಲಿಲ್ಲ, ಆಗ ದನಿ ತಗ್ಗಿಸಿ, ಬ್ಯಾಟರಿಗೆ ಅವು ಹೆದ್ರೋದೇ ಇಲ್ಲ, ಕಡಲೇಕಾಯಿ ಅರ್ಧ ಹೊಲ ಅಗೆದು ತಿಂದ್ಹೋದ್ವು, ನಾನೇನ್ ಮಾಡ್ಲಿ ಹೇಳು, ಒಂದೇ ಸಲ ಕೊಟ್ಟಿದ್ದು, ತೆಗ್ದ್‌ಬಿಡ್ತೀನಿ, ನಿನ್ನಾಣೆ. ಇಪ್ಪತ್ತೆರಡು ವರ್ಷ ಚನ್ನರಾಯಪ್ಪನವರ ಹೆಂಡತಿ ನಾನು, ಸುಳ್ಳು ಹೇಳುವವರಲ್ಲ, ಮರೆಯುವವರು, ಸುಳ್ಳಿಗಿಂತ ಅದೇ ಹೆದರಿಕೆ — ಸುತ್ತು, ಚಪ್ಪಟೆಯಾಗಿ ಕೂರಿಸು, ಒಂದರ ಮೇಲೊಂದು. ಕಾಯಿ ಕೀಳಲೆಂದು ಮೊನ್ನೆ ನೀರು ಹಾಯಿಸಿದ ನೆಲ, ಇಲ್ಲಿಂದ ಕೆಳಗೆ ಇನ್ನೂ ಹಸಿ, ಚಪ್ಪಲಿಗೆ ಕೆಸರು ಅಂಟಿ ಭಾರ, ಟೇಪಿಗೂ ಅಂಟಿದೆ, ಒರೆಸಿ ಒಣಗಿಸಿ ಇಡಬೇಕು — ಇದೇನು ಕೆಂಪಗೆ? ಹಸೀ ಕಡಲೇಕಾಯಿ ಬಳ್ಳಿಯ ರಾಶಿಯ ಅಡಿಯಿಂದ ಬಂದಿದೆ, ಕೊಕ್ಕೆ ಬಿಡಿಸುವಾಗ ಕಾಣಲೇ ಇಲ್ಲ, ವೈರು, ಕೆಂಪು ವೈರು, ತುದಿಯ ತಾಮ್ರ ಟೇಪಿಗೆ ಮೂರು ಸುತ್ತು ಹೊಸೆದಿದೆ, ಇನ್ನೊಂದು ತುದಿ ಶೆಡ್ಡಿನ ಬಾಗಿಲ ಸಂದಿಯೊಳಗೆ. ಶೆಡ್ಡಿಗೆ ಬೀಗ. ಬೀಗದ ಕೈ ಇವರ ಜೇಬಿನಲ್ಲಿ.

ತೆಗೆದಿಲ್ಲ. ಹಾಗಾದರೆ ಇಷ್ಟು ಹೊತ್ತು ನನ್ನ ಕೈಯಲ್ಲಿದ್ದದ್ದು — ಹುಲ್ಲು ತಗುಲಿಸಿ ನೋಡಿದಾಗ ಏನೂ ಇರಲಿಲ್ಲ ಅಂದರೆ ಆಗ ಲೈನಿನಲ್ಲಿ ಕರೆಂಟೇ ಇರಲಿಲ್ಲ, ಅಷ್ಟೇ, ಈ ವಾರ ಮೋಟರಿಗೆ ತ್ರೀ ಫೇಸ್ ಕರೆಂಟು ಕೊಡುವುದು ನಾಲ್ಕು ಗಂಟೆಗೆ, ಬಂದ ಕೂಡಲೇ ಆಟೋ ಸ್ಟಾರ್ಟರು ತಾನೇ ಮೋಟರು ಎಬ್ಬಿಸುತ್ತದೆ, ಈಗೆಷ್ಟು, ಮೊಬೈಲು, ಮೂರು ಐವತ್ತೆರಡು, ಕೆಲವು ದಿನ ಐದು ನಿಮಿಷ ಮೊದಲೇ ಕೊಟ್ಟುಬಿಡುತ್ತಾರೆ. ಹಲಗೆ ಕೆಳಗಿಟ್ಟೆ, ಹಾವನ್ನು ಇಡುವ ಹಾಗೆ. ಇವರಿಗೆ ಫೋನು, ಸ್ವಿಚ್ ಆಫ್, ಮತ್ತೆ, ಸ್ವಿಚ್ ಆಫ್. ಬಿಚ್ಚಿಬಿಡಲೇ, ಮೂರೇ ಸುತ್ತು, ಎರಡು ಬೆರಳ ಕೆಲಸ, ಕೈ ಚಾಚಿದೆ, ಬೆರಳು ತಾಮ್ರದ ಹತ್ತಿರ ಹೋಗಿ ನಿಂತಿತು, ಈಗಲೇ ಬಂದುಬಿಟ್ಟರೆ, ಇದೇ ಕ್ಷಣಕ್ಕೆ, ಹಂದಿಯ ಮೂತಿ, ಕೈ ಹಿಂದಕ್ಕೆ ಬಂತು, ಒಣ ಕೋಲು ಬೇಕು, ಇಲ್ಲೆಲ್ಲ ಹಸಿ, ಒಣಗಿದ್ದು ಒಂದೂ ಇಲ್ಲ, ಬದುವಿನ ಮೇಲಿನ ಗುದ್ದಲಿ, ಅದರ ಕಾವು ಒಣಗಿದ ಮರ, ಓಡಿದೆ, ಗುದ್ದಲಿಗೆ ಕೈ ಹಾಕಿದ್ದೇ ತಡ ಶೆಡ್ಡಿನೊಳಗೆ ಟಕ್ ಅಂದಿತು. ಮೋಟರು ಗುಂಯ್ ಎಂದು ಎದ್ದಿತು. ಪೈಪು ಕೆಮ್ಮಿ ನೀರು ಉಗುಳಿತು. ನೆಲದ ಮೇಲೆ ಟೇಪು ಹಾಗೇ ಮಲಗಿದೆ, ಬಿಳಿಯಾಗಿ, ಏನೂ ಆಗದ ಹಾಗೆ, ಕೆಸರು ಇದ್ದ ಕಡೆ ಮಾತ್ರ ಚಿಟಿಚಿಟಿ ಅನ್ನುವ ಸಣ್ಣ ಸದ್ದು, ಅದು ಕೊಕ್ಕೆಗಳ ಮೇಲೇ ಇದ್ದಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು, ಬಿಚ್ಚಿ ದಾರಿಗಡ್ಡ ಹಾಕಿದವಳು ನಾನು — ದಾರಿಗೆ, ಅಯ್ಯೋ, ಚಂದನ.

ನರಸಾಪುರದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು ಎರಡಕ್ಕೆ ಬಿಡುತ್ತದೆ, ಕಂಪನಿ ಬಸ್ಸು ಊರೂರು ಸುತ್ತಿ ಟೇಕಲ್ ಕ್ರಾಸಿನಲ್ಲಿ ಇಳಿಸಿದರೆ ಮಗಳು ಹೊಲದ ಮೇಲೇ ಬರುತ್ತಾಳೆ, ರಸ್ತೆ ಸುತ್ತು ಅಂತ, ನೀಲಿ ಯೂನಿಫಾರ್ಮು ಹುಣಸೇಮರದ ಹತ್ತಿರ ಕಂಡೇಬಿಟ್ಟಿತು, ತಲೆ ತಗ್ಗಿಸಿ ಮೊಬೈಲು ನೋಡುತ್ತಾ, ಕಿವಿಯಲ್ಲಿ ಇಯರ್‌ಫೋನು. ಚಂದನಾ, ನಿಲ್ಲೇ — ಮತ್ತೆ ಕೂಗಿದೆ, ಅವಳಿಗೆ ಕೇಳಿಸಲಿಲ್ಲ, ಮೋಟರಿನ ಸದ್ದು ಬೇರೆ, ಹೊಲದ ನಡುವೆ ಓಡುತ್ತಿದ್ದೇನೆ, ಟೇಪಿನಿಂದ ದೂರ, ಅಗೆದ ಮಣ್ಣಿನಲ್ಲಿ ಕಾಲು ಹೂತು ಹೂತು, ಚಪ್ಪಲಿ ಎಲ್ಲೋ ಹೋಯಿತು, ಅವಳು ಬದು ಹತ್ತಿದಳು, ಇಳಿದಳು, ಇನ್ನು ಹತ್ತು ಹೆಜ್ಜೆ, ಒಂದು ಹೆಂಟೆ ಎತ್ತಿ ಬೀಸಿದೆ, ಮುಂದೆಯೇ ಬಿದ್ದು ಒಡೆದುಹೋಯಿತು, ಅವಳು ನೋಡಲಿಲ್ಲ, ಇನ್ನೊಂದು, ದೊಡ್ಡದು, ಹೊಟ್ಟೆಯ ಶಕ್ತಿಯೆಲ್ಲ ಹಾಕಿ ಹೊಡೆದೆ, ನಾನು ಹೆತ್ತ ಮಗುವಿಗೆ, ಎದೆಗೆ ಹೋಗಿ ಬಡಿಯಿತು. ನಿಂತಳು. ಒಂದು ಕಾಲು ಎತ್ತಿದ್ದು ಹಾಗೇ ಮೇಲೇ ಇತ್ತು, ಕಪ್ಪು ಕಂಪನಿ ಶೂ, ಕೆಳಗೆ ಕೆಸರು, ಕೆಸರಿನಲ್ಲಿ ಬಿಳಿ ಪಟ್ಟಿ, ನಡುವೆ ಒಂದು ಗೇಣು.

ಅಮ್ಮಾ, ಹುಚ್ಚು ಹಿಡಿದಿದ್ಯಾ ನಿಂಗೆ? ಹಿಂದಕ್ಕೆ ಹೋಗೇ, ಕಾಲು ಇಡಬೇಡ, ಕರೆಂಟು, ಟೇಪಲ್ಲಿ ಕರೆಂಟು. ಕಾಲನ್ನು ಹಿಂದಕ್ಕೆ ತಗೊಂಡಳು, ಬದುವಿನ ಮೇಲೆ ಹೋಗಿ ನಿಂತಳು, ಆಮೇಲೆ ನಾನು ಮಾಡಿದ್ದು ನನಗೇ ನೆಟ್ಟಗೆ ನೆನಪಿಲ್ಲ, ಬದುವಿನ ಮೇಲಿನ ಗುದ್ದಲಿ ಎತ್ತಿಕೊಂಡು ಶೆಡ್ಡಿನ ಹಿಂಬದಿಯಿಂದ ಸುತ್ತಿಬಂದು ಅದರ ತಲೆಯಿಂದ ಬೀಗಕ್ಕೆ ಹೊಡೆದದ್ದು, ನಾಲ್ಕು ಏಟೋ ಐದೋ, ಚಿಲಕವೇ ಕಿತ್ತು ಬಂದದ್ದು, ಕಾವಿನ ತುದಿಯಿಂದ ಮೇನ್ ಸ್ವಿಚ್ಚಿನ ಹಿಡಿ ಕೆಳಗೆ ತಳ್ಳಿದ್ದು, ಮೋಟರು ನಿಂತದ್ದು, ಸ್ವಿಚ್ಚಿನ ಕೆಳಗೆ ಸಿಕ್ಕಿಸಿದ್ದ ಕೆಂಪು ವೈರನ್ನು ಕಾವಿನಿಂದಲೇ ಕೊಕ್ಕೆ ಹಾಕಿ ಕಿತ್ತದ್ದು. ಅಲ್ಲೇ ಹೊಸ್ತಿಲಲ್ಲಿ ಕುಸಿದೆ. ಚಂದನ ಬಂದು ತಬ್ಬಿಕೊಂಡಳು, ಅಂಗಿಯ ಮೇಲೆ ಹೆಂಟೆಯ ಮಣ್ಣು, ನೋವಾಯ್ತೇನೇ, ಆಯ್ತಮ್ಮ, ಪರವಾಗಿಲ್ಲ, ಅಂದಳು, ಅವಳ ಕೈಯೂ ತಣ್ಣಗಿತ್ತು.

ಐದಕ್ಕೆ ಇವರು ಬಂದರು, ಚಾರ್ಜು ಮುಗ್ದೋಗಿತ್ತು ಕಣೇ, ಯಾಕ್ ಇಲ್ಲೇ ಕೂತಿದೀರಾ ಇಬ್ರೂ, ವೈರನ್ನು ಅವರ ಕೈಗಿಟ್ಟೆ, ವೈರು ನೋಡಿದರು, ಶೆಡ್ಡಿನ ಕಿತ್ತ ಚಿಲಕ ನೋಡಿದರು, ಇವತ್ತು ತೆಗೀತೀನಿ ನಾಳೆ ತೆಗೀತೀನಿ ಅಂತ, ತೆಗ್ದೇ ಬಿಟ್ಟಿದೀನಿ ಅಂತಾನೇ ತಲೇಲಿತ್ತು, ಅಂದರು. ಚಂದನ ಎದ್ದು ನಿಂತಳು, ಅಪ್ಪಾ, ನಾನು ಸತ್ತೋಗ್ತಿದ್ದೆ, ಅಮ್ಮಾನೂ ಸಾಯ್ತಿದ್ಳು, ಇನ್ನೊಂದ್ ಸಲ ಕೊಟ್ರೆ ನಾನೇ ಹೋಗಿ ಲೈನ್‌ಮನ್‌ಗೆ ಹೇಳ್ತೀನಿ, ಪೊಲೀಸಿಗೂ ಹೇಳ್ತೀನಿ, ನೀನು ಅಪ್ಪ ಅಂತ ನೋಡಲ್ಲ. ಹೇಳಮ್ಮ, ಅಂದರು, ಅಷ್ಟೇ ಅಂದರು, ವೈರನ್ನು ಮೂರು ತುಂಡು ಮಾಡಿದರು, ಕುಡುಗೋಲು ಎರಡು ಸಲ ಜಾರಿತು, ಇನ್ನುಳಿದ ಟೇಪು ನಾನೇ ಸುತ್ತುತ್ತೀನಿ, ನೀವ್ ನಡೀರಿ, ಅಂದರು. ನಡೆದೆವು. ಚಂದನ ಮುಂದೆ, ನಾನು ಹಿಂದೆ, ಒಣ ದಾರಿ, ಏನೂ ಇಲ್ಲದ ದಾರಿ, ಗೊತ್ತು, ಆದರೂ ಅವಳು ಒಂದೊಂದು ಹೆಜ್ಜೆ ಎತ್ತಿದಾಗಲೂ ನಾನು ನಿಂತುಬಿಡುತ್ತೇನೆ, ಅಮ್ಮಾ, ಯಾಕ್ ನಿಂತೆ, ಬಾ, ಬರ್ತೀನಿ, ನೀನ್ ನಡಿ, ಅಲ್ಲ, ನಿಲ್ಲು — ಮತ್ತೆ ಅದೇ ಕಣ್ಣ ಮುಂದೆ, ಕಪ್ಪು ಶೂ, ಮೇಲೆ ಎತ್ತಿದ ಕಾಲು, ಒಂದು ಗೇಣು, ಕಾಲು ಮೇಲೆ, ಇನ್ನೂ ಕೆಳಗೆ ಬಂದಿಲ್ಲ, ಮೇಲೇ ಇದೆ